ಚಿಟ್ಟೆಯ ಅವಸರದ ಬಲಗೈ

ಅವನಿಗೆ ಚಿಟ್ಟೆ ಎಂದು ಹೆಸರಿಟ್ಟವರು ಯಾರೋ, ಒಳ್ಳೆ ತಮಾಷೆಯ ಮನುಷ್ಯರೇ ಇರಬೇಕು. ಅವನು ಲಾಂಡ್ರಿಯ ಬಾಗಿಲಲ್ಲಿ ನಿಂತರೆ ಹಾಡಹಗಲಲ್ಲೇ ಒಳಗೆ ಲೈಟ್ ಹಾಕಬೇಕಾಗುತ್ತಿತ್ತು. ಭುಜ ಅಷ್ಟಗಲ. ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಬೆನ್ನಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಮತ್ತೆ ಸುಕ್ಕಾಗಿರುತ್ತದೆ ಎಂದು ಅವನ ಮಾವ ಹೇಳುತ್ತಿದ್ದರು. ಮಾವನ ಮಾತಿನಲ್ಲಿ ಮುಕ್ಕಾಲು ಭಾಗ ಕಳೆದರೂ ಅಂಗಿ ದೊಡ್ಡದೇ ಉಳಿಯುತ್ತಿತ್ತು. ಇಂಥ ಆಸಾಮಿ ಬೆಳಿಗ್ಗೆ ಈಜುಕೊಳಕ್ಕೆ ಹಾರಿದರೆ ನೀರು ಕಾಂಪೌಂಡ್ ಗೋಡೆ ದಾಟಿ ಪಕ್ಕದ ಬೀದಿಗೆ ಬೀಳುತ್ತಿತ್ತಂತೆ, ಅಲ್ಲಿನವರು ಸೈಕಲ್ಲು ತೊಳೆಯಲು ಅದೇ ಹೊತ್ತಿಗೆ ಕಾಯುತ್ತಿದ್ದರಂತೆ. ಇದನ್ನು ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಲ್ಲಿ ಯಾರ ಮನೆಯಲ್ಲೂ ಸೈಕಲ್ಲಿಲ್ಲ.

ಹೆಸರು ಬಂದದ್ದು ಅವನ ಈಜಿನಿಂದ. ಬಟರ್‌ಫ್ಲೈ ಎನ್ನುತ್ತಾರಲ್ಲ, ಎರಡು ಕೈಯನ್ನೂ ಒಟ್ಟಿಗೆ ನೀರಿನಿಂದ ಎತ್ತಿ, ಒಟ್ಟಿಗೆ ಮುಂದಕ್ಕೆ ಬೀಸಿ, ಎರಡು ಕಾಲನ್ನೂ ಮೀನಿನ ಬಾಲದ ಹಾಗೆ ಜೋಡಿಸಿ ಹೊಡೆಯುವುದು, ಆ ಈಜು. ದಡದಲ್ಲಿ ಕೂತವರಿಗೆ ಅದು ಚಿಟ್ಟೆ ಹಾರಿದಂತೆ ಕಾಣುತ್ತದೆ. ಈಜುವವನಿಗೆ ಕಬ್ಬಿಣದ ಬೀರು ಹೊತ್ತುಕೊಂಡು ಮೂರು ಮಹಡಿ ಹತ್ತಿದಂತಿರುತ್ತದೆ. ಅದಕ್ಕೇ ಆ ಪುಟ್ಟ ದೇಶದಲ್ಲಿ ಇನ್ನೂರು ಮೀಟರ್ ಬಟರ್‌ಫ್ಲೈ ಈಜುವವರು ಒಂದು ಕಾಲಕ್ಕೆ ಮೂರೇ ಜನ ಇದ್ದರು. ಒಬ್ಬನಿಗೆ ಮದುವೆಯಾಯಿತು. ಇನ್ನೊಬ್ಬನ ಭುಜ ಒಂದು ದಿನ ಕಟಕ್ಕೆಂದು, ಅವನು ಈಜು ಬಿಟ್ಟು ಬಸ್ ಕಂಡಕ್ಟರ್ ಆದ. ಉಳಿದವನು ಚಿಟ್ಟೆ. ಇನ್ನೂರು ಮೀಟರಿನಲ್ಲಿ ದೇಶಕ್ಕೇ ಮೊದಲನೆಯವನೂ ಅವನೇ, ಕೊನೆಯವನೂ ಅವನೇ.

ಉಳಿದ ಹೊತ್ತಿನಲ್ಲಿ ಅವನು ಲಾಂಡ್ರಿಯಲ್ಲಿ ಇಸ್ತ್ರಿಯವನು. ಅಂಗಡಿ ಮಾವನದು. ಮುಂದೆ ಗಿರಾಕಿಗಳು ನಿಲ್ಲುವ ಕಟ್ಟೆ, ಅದರ ಹಿಂದೆ ಹ್ಯಾಂಗರಿಗೆ ತೂಗುಹಾಕಿದ ಕೋಟುಗಳು, ನಡುಕೋಣೆಯಲ್ಲಿ ಕಂಬಳಿ ಹೊದಿಸಿದ ಎರಡು ಮೇಜು, ಹಿಂದುಗಡೆ ಸದಾ ಗುಡುಗುಡು ಎನ್ನುವ ಒಗೆಯುವ ಯಂತ್ರ. ಹದಿನೇಳನೇ ವಯಸ್ಸಿಗೆ ಅವನು ಇಲ್ಲಿ ಕೆಲಸಕ್ಕೆ ಸೇರಿದ. ಅಂಗಡಿಯವರ ಮಗಳು ಕಟ್ಟೆಯ ಮೇಲೆ ಬಟ್ಟೆ ಎಣಿಸಿ ಚೀಟಿ ಹಚ್ಚುತ್ತಿದ್ದಳು. ಕೆಲವು ವರ್ಷ ಕಳೆದ ಮೇಲೆ ಆಗಬೇಕಾದದ್ದು ಆಯಿತು. "ಬೇರೆ ಅಳಿಯಂದ್ರು ಮಗಳನ್ನ ಕರ್ಕೊಂಡು ಹೋಗ್ತಾರೆ, ಈ ಅಳಿಯ ಮಗಳನ್ನೂ ಕರ್ಕೊಂಡು ಹೋಗ್ಲಿಲ್ಲ, ತಾನೂ ಹೋಗ್ಲಿಲ್ಲ" ಎಂದು ಮಾವ ಗಿರಾಕಿಗಳ ಮುಂದೆ ಗೋಳಾಡುತ್ತಿದ್ದರು. ಗೋಳಾಡುವಾಗ ಮುಖದ ತುಂಬ ನಗು ಇರುತ್ತಿತ್ತು.

ಇಂಥ ಚಿಟ್ಟೆ ಒಂದು ಸಲ, ಲೋಕದ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟಕ್ಕೆ ಹೋಗಿ ಬಂದ. ಅಂಥ ಕೂಟಕ್ಕೆ ಎಷ್ಟೇ ಚಿಕ್ಕ ದೇಶವಾದರೂ ಒಬ್ಬಿಬ್ಬರನ್ನು ಕಳಿಸಬಹುದು, ನಿಧಾನದವರಾದರೂ ಸರಿ. ಆ ದಿನ ಇಡೀ ಬೀದಿ ಲಾಂಡ್ರಿಯೊಳಗೆ ಟೀವಿಯ ಮುಂದೆ ಸೇರಿತ್ತು. ಕೋಟುಗಳ ಸಂದಿಯಲ್ಲೆಲ್ಲ ತಲೆಗಳು. ಚಿಟ್ಟೆ ಈಜಿದ, ಮುಗಿಸಿದ, ಈಜಿನ ಕನ್ನಡಕ ಮೇಲೆತ್ತಿ ಗೋಡೆಯ ಬೋರ್ಡು ನೋಡಿದ. ಉಳಿದವರ ಹೆಸರಿನ ಮುಂದೆ ನಿಮಿಷ, ಸೆಕೆಂಡು. ಅವನ ಹೆಸರಿನ ಮುಂದೆ ಮಾತ್ರ ಅಂಕಿಯಿಲ್ಲ, ದೊಡ್ಡ ದೊಡ್ಡ ಅಕ್ಷರ. ಅದೇನೋ ವಿಶೇಷ ಬಹುಮಾನ ಇರಬೇಕು ಎಂದುಕೊಂಡ ಪುಣ್ಯಾತ್ಮ, ಎರಡೂ ಕೈಯೆತ್ತಿ ಜನರತ್ತ ಬೀಸಿದ. ಬೀಸಿದ್ದೇ ಬೀಸಿದ್ದು. ಲೋಕದ ಟೀವಿಗಳೆಲ್ಲ ಅದನ್ನು ತೋರಿಸಿದವು. ಅಕ್ಷರಗಳ ಅರ್ಥ ಇಷ್ಟೇ: ಇವನು ನಿಯಮ ಮುರಿದಿದ್ದಾನೆ, ಇವನ ಈಜು ಲೆಕ್ಕಕ್ಕಿಲ್ಲ.

ತಪ್ಪು ಏನೆಂದರೆ, ಬಟರ್‌ಫ್ಲೈಯಲ್ಲಿ ಗೋಡೆ ಮುಟ್ಟುವಾಗಲೂ ಎರಡು ಕೈ ಒಟ್ಟಿಗೆ ಮುಟ್ಟಬೇಕು. ಇನ್ನೂರು ಮೀಟರಿಗೆ ನಾಲ್ಕು ಸಲ ಗೋಡೆ ಸಿಗುತ್ತದೆ, ತಿರುಗಲು ಮೂರು ಸಲ, ಮುಗಿಸಲು ಒಂದು ಸಲ. ಪ್ರತಿ ಗೋಡೆಯ ಮೇಲೂ ಒಬ್ಬ ತೀರ್ಪುಗಾರ ಬಗ್ಗಿ ನೋಡುತ್ತಿರುತ್ತಾನೆ. ಚಿಟ್ಟೆಯ ಬಲಗೈ ಎಡಗೈಗಿಂತ ಮೊದಲೇ ಹೋಗಿ ಮುಟ್ಟಿತ್ತು.

ಅವತ್ತಿನಿಂದ ಅವನ ಬಾಳು ಕಷ್ಟವಾಯಿತು. ಪ್ಯಾಂಟು ಒಯ್ಯಲು ಬಂದ ಗಿರಾಕಿ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದ. ಹಾಲಿನವನು ಬೀಸುತ್ತಿದ್ದ. ಎದುರಿನ ಚಪ್ಪಲಿ ಅಂಗಡಿಯವನಂತೂ ಬಾಗಿಲು ತೆಗೆಯುವಾಗೊಮ್ಮೆ, ಹಾಕುವಾಗೊಮ್ಮೆ ಬೀಸುತ್ತಿದ್ದ. ಚಿಟ್ಟೆ ಎಲ್ಲರಿಗೂ ನಗುತ್ತಲೇ ಉತ್ತರ ಕೊಡುತ್ತಿದ್ದ, ಒಳಗೆ ಬಂದು ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಕ್ಕುತ್ತಿದ್ದ.

ಆಮೇಲೆ ಈಜು ಸಂಘದ ಕಾರ್ಯದರ್ಶಿ ಬಂದರು. ಕೋಟು ಕೊಡುವ ನೆಪದಲ್ಲಿ ಬಂದು ಕಟ್ಟೆಗೆ ಒರಗಿ ಹೇಳಿದರು.

"ನೋಡು ಚಿಟ್ಟೆ, ಮುಂದಿನ ಕೂಟಕ್ಕೂ ನಿನ್ನ ಹೆಸರೇ ಕಳಿಸ್ತೀವಿ. ನಮ್ಮ ದೇಶದವರು ಯಾರೂ ಆ ಕೂಟದಲ್ಲಿ ಬಟರ್‌ಫ್ಲೈ ಮುಗಿಸಿ ಟೈಮ್ ಪಡೆದಿಲ್ಲ. ಗೆಲ್ಲು ಅಂತ ಯಾರೂ ಕೇಳ್ತಿಲ್ಲ. ಹೆಸರಿನ ಮುಂದೆ ಒಂದು ಟೈಮ್ ಬರ್ಬೇಕು, ಅಷ್ಟೆ. ಈ ಸಲಾನೂ ಬರ್ಲಿಲ್ಲ ಅಂದ್ರೆ ಬಟರ್‌ಫ್ಲೈಗೆ ಜನ ಕಳಿಸೋದನ್ನೇ ನಿಲ್ಲಿಸಿಬಿಡೋಣ ಅಂತ ಸಮಿತಿ ಹೇಳ್ತಿದೆ."

"ಬರತ್ತೆ ಸಾರ್" ಎಂದ ಚಿಟ್ಟೆ.

"ಹೇಗೆ ಬರತ್ತೆ?"

"ಅದು ಗೊತ್ತಿಲ್ಲ ಸಾರ್. ಆದ್ರೆ ಬರತ್ತೆ. ಕೋಟು ಗುರುವಾರ ಕೊಡ್ತೀನಿ."

ಗುರುವಾರ ಕೋಟು ಕೊಟ್ಟ. ಕೈಯ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ.

ಅವನಿಗೆ ಈಜು ಕಲಿಸುತ್ತಿದ್ದವರು ಸೀಟಿ ಮೇಷ್ಟ್ರು. ಬಾಯಲ್ಲಿ ಸದಾ ಸೀಟಿ ಇರುತ್ತಿದ್ದರಿಂದ ಆ ಹೆಸರು. ಊಟಕ್ಕೆ ಕೂತಾಗ ತೆಗೆದು ತಟ್ಟೆಯ ಪಕ್ಕ ಇಡುತ್ತಿದ್ದರು, ಕೊನೆಯ ತುತ್ತು ಇಳಿಯುವ ಮೊದಲೇ ಮತ್ತೆ ಬಾಯಿಗೆ. ಅವರನ್ನು ನೀರಿನಲ್ಲಿ ನೋಡಿದವರು ಯಾರೂ ಇರಲಿಲ್ಲ. ಮಳೆಯಲ್ಲೂ ಅವರು ನೆನೆದವರಲ್ಲ, ಮಳೆಯೇ ಹೆದರಿ ಪಕ್ಕಕ್ಕೆ ಸರಿಯುತ್ತಿತ್ತು ಎಂದು ಹುಡುಗರು ಹೇಳುತ್ತಿದ್ದರು. ಆದರೆ ದಡದಲ್ಲಿ ನಿಂತು ನೀರೊಳಗಿನ ಕೈಕಾಲು ನೋಡುವ ಕಣ್ಣು ಅವರಿಗಿತ್ತು. ಅವರು ಚಿಟ್ಟೆಯನ್ನು ಇನ್ನೂರು ಮೀಟರ್ ಈಜಿಸಿದರು, ಮತ್ತೆ ಈಜಿಸಿದರು. ಮೊದಲ ಗೋಡೆಗೆ ಎರಡು ಕೈ ಅಣ್ಣತಮ್ಮಂದಿರ ಹಾಗೆ ಜೊತೆಗೆ ಬಂದವು. ಎರಡನೆಯದಕ್ಕೂ ಬಂದವು. ಮೂರನೆಯದಕ್ಕೆ ಅಣ್ಣ ತಮ್ಮನನ್ನು ಬಿಟ್ಟು ಓಡಿದ.

"ಲೋ, ಬಲಗೈಗೆ ಏನೋ ಅವಸರ? ಮನೇಲಿ ಒಲೆ ಮೇಲೆ ಹಾಲಿಟ್ಟು ಬಂದಿದ್ದೀಯಾ?"

"ನಾನು ಒಟ್ಟಿಗೇ ಬೀಸ್ದೆ ಮೇಷ್ಟ್ರೇ."

"ನೀನು ಬೀಸ್ದೆ ಕಣೋ. ಅದು ಕೇಳ್ಲಿಲ್ಲ."

ದಣಿವಿಲ್ಲದಾಗ ಸರಿಯಾಗಿ ಬರುವ ಕೈ, ದಣಿದ ಕೂಡಲೇ ಯಾಕೆ ಕೆಡುತ್ತದೆ ಎಂದು ಮೇಷ್ಟ್ರಿಗೂ ತಿಳಿಯಲಿಲ್ಲ. ಭುಜ ತಿಕ್ಕಿಸಿದರು, ಉಸಿರು ತೆಗೆದುಕೊಳ್ಳುವುದನ್ನು ಬದಲಾಯಿಸಿದರು, ಹಿಂದೆ ಬೀಳುವ ಎಡಗೈಗೆ ಕೆಂಪು ದಾರ ಕಟ್ಟಿ ಅದಕ್ಕೆ ನಾಚಿಕೆ ಬರಿಸಲು ನೋಡಿದರು. ಏನೂ ನಡೆಯಲಿಲ್ಲ.

ಒಂದು ದಿನ ಮೇಷ್ಟ್ರು ತಮ್ಮ ಪ್ಯಾಂಟು ಒಯ್ಯಲು ಲಾಂಡ್ರಿಗೆ ಬಂದರು. ಪ್ಯಾಂಟು ಇನ್ನೂ ಮೇಜಿನ ಮೇಲೇ ಇತ್ತು. ಇಲ್ಲೇ ಕಾಯುತ್ತೇನೆ ಎಂದು ಸ್ಟೂಲು ಎಳೆದುಕೊಂಡು ಕೂತರು. ಚಿಟ್ಟೆ ಇಸ್ತ್ರಿ ಹಾಕುತ್ತಿದ್ದ. ಬಲಗೈ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ಎಡಗೈ ಬಟ್ಟೆಯನ್ನು ಹಿಂದಕ್ಕೆ ಎಳೆದು ಬಿಗಿ ಹಿಡಿದಿತ್ತು. ಬಲಗೈ ಮುಂದೆ, ಎಡಗೈ ಹಿಂದೆ. ಮತ್ತೆ ಬಲಗೈ ಮುಂದೆ, ಎಡಗೈ ಹಿಂದೆ. ಮೇಷ್ಟ್ರ ಬಾಯಿಂದ ಸೀಟಿ ತಾನಾಗಿಯೇ ಕೆಳಗೆ ಬಿತ್ತು.

"ಲೋ ಚಿಟ್ಟೆ, ನಿಲ್ಸು."

"ಯಾಕೆ ಮೇಷ್ಟ್ರೇ, ಸುಡ್ತಾ ಇದ್ಯಾ?"

"ಪ್ಯಾಂಟು ಹಾಳಾಗಿ ಹೋಗ್ಲಿ. ಎಷ್ಟು ವರ್ಷ ಆಯ್ತೋ ನೀನು ಹೀಗೆ ತಳ್ಳೋಕೆ ಶುರುಮಾಡಿ?"

"ಇಲ್ಲಿಗೆ ಬಂದಾಗ್ನಿಂದ."

"ನೋಡು ಮತ್ತೆ! ಸುಸ್ತಾದಾಗ ತಲೆ ಕೆಲಸ ಮಾಡಲ್ಲ, ಕೈ ತನ್ನ ಕಸುಬಿಗೆ ವಾಪಸ್ ಹೋಗತ್ತೆ. ನೀನು ಮೂರನೇ ಗೋಡೇಲಿ ಈಜ್ತಾ ಇಲ್ಲ ಕಣೋ, ಗೋಡೆಗೆ ಇಸ್ತ್ರಿ ಹಾಕ್ತಾ ಇದ್ದೀಯ!"

ಮಾವ ಕಟ್ಟೆಯ ಆಚೆಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮೇಷ್ಟ್ರು ಕಂಡುಕೊಂಡ ಮದ್ದನ್ನು ಕೇಳಿದ ಮೇಲೆ ಅವರ ನಗು ಅಲ್ಲೇ ನಿಂತುಹೋಯಿತು. ನಾಳೆಯಿಂದ ಚಿಟ್ಟೆ ಎಡಗೈಯಲ್ಲಿ ಇಸ್ತ್ರಿ ಹಾಕಬೇಕು.

ಆ ಕಾಲದಲ್ಲಿ ಆ ಊರಿನ ಜನ ಹಾಕಿಕೊಂಡು ತಿರುಗಿದ ಬಟ್ಟೆಗಳನ್ನು ನೋಡಬೇಕಿತ್ತು. ಪ್ಯಾಂಟಿನ ಗೆರೆ ಮೊಣಕಾಲಿನ ತನಕ ನೆಟ್ಟಗೆ ಬಂದು ಅಲ್ಲಿಂದ ದಾರಿ ತಪ್ಪಿ ಪಕ್ಕದ ಜೇಬಿನ ಕಡೆಗೆ ಹೋಗುತ್ತಿತ್ತು. ಬ್ಯಾಂಡ್ ಬಾರಿಸುವವನ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು ಬಿತ್ತು. ಅವನು ಅದನ್ನೇ ಹಾಕಿಕೊಂಡು ಬಾರಿಸಲು ಹೋದ, ಅದು ಹೊಸ ಫ್ಯಾಷನ್ ಎಂದು ಇನ್ನಿಬ್ಬರು ತಮ್ಮ ಅಂಗಿಗೂ ಹಾಗೇ ಮಾಡಿಕೊಡಿ ಎಂದು ಬಂದರಂತೆ. ಮಾವ ಹೇಳಿದ್ದು, ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು.

"ಅಳಿಯಂದ್ರೇ, ನೀವು ಈಜೋದಕ್ಕೆ ನನ್ನ ಅಂಗಡಿ ಯಾಕೆ ಮುಳುಗ್ಬೇಕು?" ಎಂದು ಮಾವ ಕೇಳಿದರು.

"ಸ್ವಲ್ಪ ತಾಳಿ ಮಾವ. ಕೈ ಕಲಿಯತ್ತೆ."

ಚಿಟ್ಟೆ ಹಟ ಹಿಡಿದರೆ ಹಿಡಿದದ್ದೇ. ಬೆರಳುಗಳ ಮೇಲೆಲ್ಲ ಬೊಕ್ಕೆ ಎದ್ದವು. ಊಟವನ್ನು ಬಿಟ್ಟು ಉಳಿದದ್ದೆಲ್ಲ ಎಡಗೈಯಲ್ಲೇ ಶುರುವಾಯಿತು. ಬೀಗ ತೆಗೆಯುವುದು ಎಡಗೈ, ಹಲ್ಲುಜ್ಜುವುದು ಎಡಗೈ. ಗಡ್ಡ ಕೂಡ ಎಡಗೈಯಲ್ಲೇ ಹೆರೆದುಕೊಂಡು, ಗಲ್ಲಕ್ಕೆ ಹತ್ತಿ ಅಂಟಿಸಿಕೊಂಡು ಅಂಗಡಿಗೆ ಬರುತ್ತಿದ್ದ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಪ್ಯಾಂಟಿನ ಗೆರೆ ನೆಟ್ಟಗಾಯಿತು. ಮಾವ ನಿಟ್ಟುಸಿರು ಬಿಟ್ಟರು. ಮೇಷ್ಟ್ರು ಅವನನ್ನು ನೀರಿಗಿಳಿಸಿ ಇನ್ನೂರು ಮೀಟರ್ ಈಜಿಸಿದರು. ಮೊದಲ ಗೋಡೆ ಸರಿ, ಎರಡನೆಯದು ಸರಿ. ಮೂರನೆಯದಕ್ಕೆ ಎಡಗೈ ಮೊದಲು ಬಂತು.

ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಅವರು ಹಾಗೆ ಮಾಡಿದ್ದನ್ನು ಚಿಟ್ಟೆ ಹಿಂದೆಂದೂ ನೋಡಿರಲಿಲ್ಲ.

"ಇನ್ನು ನಂಗೆ ಏನೂ ತೋಚ್ತಿಲ್ಲ ಕಣೋ" ಎಂದರು.

ಕೂಟ ಹತ್ತಿರ ಬರುತ್ತಿತ್ತು. ಚಿಟ್ಟೆ ಅವತ್ತು ಕೊಳದಿಂದ ನೇರ ಅಂಗಡಿಗೆ ಬಂದ. ವಸತಿಗೃಹವೊಂದರಿಂದ ಬಂದ ಹಾಸಿಗೆಯ ದುಪ್ಪಟಿಗಳು ಬೆಟ್ಟದಷ್ಟು ಬಿದ್ದಿದ್ದವು. ಅವುಗಳನ್ನು ಮಡಿಸಲು ಇಬ್ಬರು ಬೇಕು. ಒಬ್ಬರು ಈ ಎರಡು ಮೂಲೆ, ಇನ್ನೊಬ್ಬರು ಆ ಎರಡು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ಆಮೇಲೆ ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಹೆಂಡತಿ ಆ ಕಡೆ ನಿಂತಳು, ಚಿಟ್ಟೆ ಈ ಕಡೆ. ಮಡಿಸುತ್ತಾ ಹೋದರು. ಅವನ ತಲೆಯಲ್ಲಿ ಮೂರನೇ ಗೋಡೆಯೇ ಇತ್ತು.

ಸಂಜೆಯಾಗುತ್ತಾ ಹೆಂಡತಿ ಮಡಿಸಿದ ದುಪ್ಪಟಿಯೊಂದನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು.

"ಏನ್ರೀ ಇದು? ಇದು ದುಪ್ಪಟಿನಾ, ಗಾಳಿಪಟಾನಾ?"

"ಏನಾಯ್ತು?"

"ಮಧ್ಯಾಹ್ನ ಮಡಿಸಿದ್ದೆಲ್ಲ ನೆಟ್ಟಗಿದೆ. ಈಗ ಮಡಿಸಿದ್ದೆಲ್ಲ ಸೊಟ್ಟ. ನಿಮ್ಮ ಒಂದು ಕೈ ಮೊದ್ಲು ಬರತ್ತೆ, ಇನ್ನೊಂದು ಆಮೇಲೆ ಬರತ್ತೆ. ಮೂಲೆ ಎಲ್ಲಿ ಕೂಡತ್ತೆ? ಎರಡೂ ಒಟ್ಟಿಗೆ ತರೋಕೆ ಆಗಲ್ವಾ?"

ಚಿಟ್ಟೆ ಕಣ್ಣು ಕಣ್ಣು ಬಿಟ್ಟ. ಆಮೇಲೆ ಅವಳ ಕೈಯಿಂದ ಆ ದುಪ್ಪಟಿಯನ್ನು ಕಿತ್ತುಕೊಂಡು ಬಿಚ್ಚಿದ.

"ಹಿಡ್ಕೋ, ಹಿಡ್ಕೋ, ಇನ್ನೊಂದ್ಸಲ ಮಾಡೋಣ."

"ಹುಚ್ಚು ಹಿಡೀತಾ? ಅಲ್ಲಿ ಮಡಿಸದೇ ಇರೋದೇ ರಾಶಿ ಬಿದ್ದಿದೆ, ಮಡಿಸಿದ್ದನ್ನ ಬಿಚ್ತಾರೆ!"

"ನೀನು ಗೋಡೆ. ನಿನ್ನ ಕೈಗೆ ನನ್ನ ಕೈ ಎರಡೂ ಒಟ್ಟಿಗೆ ತಾಗ್ಬೇಕು. ತಾಗ್ಲಿಲ್ಲ ಅಂದ್ರೆ ಹೇಳು."

"ಮದುವೆಯಾಗಿ ಇಷ್ಟು ವರ್ಷಕ್ಕೆ ಗೋಡೆ ಅನ್ನಿಸ್ಕೊಂಡೆ, ಸಂತೋಷ" ಎಂದಳು ಅವಳು. ಮೂಲೆ ಹಿಡಿದಳು.

ಅಲ್ಲಿಂದ ಇಸ್ತ್ರಿ ಮೇಜು ಮಾವನ ಪಾಲಾಯಿತು, ದುಪ್ಪಟಿ ಚಿಟ್ಟೆಯ ಪಾಲಾಯಿತು. ಬೆಳಿಗ್ಗೆ ಕೊಳದಲ್ಲಿ ಮೈ ಹಿಂಡಿಹೋಗುವಷ್ಟು ಈಜಿ, ಒದ್ದೆ ತಲೆಯಲ್ಲೇ ಅಂಗಡಿಗೆ ಓಡಿ ಬರುತ್ತಿದ್ದ. ಕೈ ನಡುಗುತ್ತಿರುವಾಗಲೇ ಮಡಿಸಬೇಕು, ಅದೇ ಅವನ ಪಟ್ಟು. ಹೆಂಡತಿ ಎದುರಿಗೆ ನಿಂತಿರುತ್ತಿದ್ದಳು. ಅವನು ಎರಡು ಮೂಲೆ ಹಿಡಿದು ಅವಳತ್ತ ಬರುತ್ತಿದ್ದ. ಬಲಗೈ ಮೊದಲು ಬಂದರೆ ಬಲಗೈಗೆ ಫಟ್ಟೆಂದು ಒಂದು ಏಟು, ಎಡಗೈ ಮೊದಲು ಬಂದರೆ ಎಡಗೈಗೆ. ಅವಳು ಪಕ್ಷಪಾತ ಮಾಡಿದವಳಲ್ಲ. ಒಂದೊಂದು ದಿನ ಎರಡೂ ಕೈ ಸರಿಯಾಗಿ ಬಂದರೂ ಒಂದು ಬೀಳುತ್ತಿತ್ತು.

"ಇದ್ಯಾಕೆ? ಸರಿಯಾಗೇ ಬಂತಲ್ಲ!"

"ನಿನ್ನೆ ಕೆಟ್ಟದಾಗಿ ಮಾಡಿದ್ರಿ, ಹೊಡೆಯೋಕೆ ಮರೆತಿದ್ದೆ."

ವಸತಿಗೃಹದವರಿಗೆ ಆಶ್ಚರ್ಯವೋ ಆಶ್ಚರ್ಯ. ಅಂಥ ಮಡಿಕೆಯನ್ನು ಅವರು ಕಂಡಿರಲಿಲ್ಲ. ಅಲ್ಲಿಗೆ ಬಂದವರು ದುಪ್ಪಟಿಯ ಅಂದ ಕೆಡಿಸಲು ಮನಸ್ಸು ಬಾರದೆ ನೆಲದ ಮೇಲೆ ಮಲಗಿದರು ಎನ್ನುವಷ್ಟರ ಮಟ್ಟಿಗೆ ಮಾತು ಬೆಳೆಯಿತು. ಮೇಷ್ಟ್ರು ಅವನನ್ನು ಮತ್ತೆ ಇನ್ನೂರು ಮೀಟರಿಗೆ ಬಿಟ್ಟರು. ಮೂರನೇ ಗೋಡೆಗೆ ಎರಡು ಕೈ ಒಟ್ಟಿಗೆ ತಾಗಿದವು. ಮಾರನೆಯ ದಿನ ಮತ್ತೆ ಬಲಗೈ ಓಡಿತು. ಆಮೇಲೆ ನಾಲ್ಕು ದಿನ ಸರಿ, ಒಂದು ದಿನ ತಪ್ಪು. ಹೊರಡುವ ದಿನ ಬಂದಾಗಲೂ ಹತ್ತರಲ್ಲಿ ಒಂದು ಸಲ ತಪ್ಪುತ್ತಲೇ ಇತ್ತು. ಆ ಒಂದು ಸಲ ಯಾವತ್ತು ಬರುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಹೊರಡುವಾಗ ಮಾವ ಅವನ ಹೆಗಲು ತಟ್ಟಿದರು. "ಅಳಿಯಂದ್ರೇ, ಈ ಸಲ ಕೈ ಬೀಸೋ ಮೊದ್ಲು ಯಾರನ್ನಾದ್ರೂ ಒಂದು ಮಾತು ಕೇಳಿ."

ಹೆಂಡತಿ ಚೀಲದಲ್ಲಿ ಅವನ ಟವೆಲ್ಲು ಇಟ್ಟಳು, ಮೂಲೆಗೆ ಮೂಲೆ ಕೂಡಿಸಿ.

ದೊಡ್ಡ ಕೂಟದ ಈಜುಕೊಳದಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀರಲ್ಲ, ಬೆಳಕು. ಮೇಲಿನ ದೀಪಗಳು ನೀರಿಗೆ ಬಿದ್ದು, ನೀರಿನಿಂದ ಎದ್ದು ಚಾವಣಿಗೆ ಹೋಗಿ ಅಲ್ಲಿ ನಡುಗುತ್ತಿರುತ್ತವೆ. ಬಾಗಿಲಲ್ಲೇ ಸೀಟಿ ಮೇಷ್ಟ್ರ ಸೀಟಿಯನ್ನು ಕಾವಲಿನವರು ತೆಗೆದುಕೊಂಡರು. ಪ್ರೇಕ್ಷಕರು ಸೀಟಿ ಊದಿದರೆ ಈಜುಗಾರರು ಗಲಿಬಿಲಿಗೊಳ್ಳುತ್ತಾರಲ್ಲ. ಮೇಷ್ಟ್ರು ಮೇಲೆ ಕುರ್ಚಿಯಲ್ಲಿ ಕೂತು, ಹಲ್ಲಿಲ್ಲದವರ ಹಾಗೆ ತುಟಿ ಒಳಗೆಳೆದುಕೊಂಡಿದ್ದರು.

ಚಿಟ್ಟೆ ಮೊದಲನೇ ಗುಂಪಿನಲ್ಲಿದ್ದ. ಮೊದಲನೇ ಗುಂಪೆಂದರೆ ನಿಧಾನದವರ ಗುಂಪು. ಒಟ್ಟು ಐದು ಜನ. ಅವನ ಪಕ್ಕದ ಸಾಲಿನಲ್ಲಿ ಒಬ್ಬ ಎಳೆಯ, ಉದ್ದನೆಯ, ಮೈಮೇಲೆ ಒಂದು ಕೂದಲೂ ಇಲ್ಲದವನು, ಸೋಪಿನಲ್ಲಿ ಕೆತ್ತಿದ ಹಾಗಿದ್ದ. ಅವನು ಚಿಟ್ಟೆಯನ್ನು ಅಡಿಯಿಂದ ಮುಡಿಯ ತನಕ ನೋಡಿ, ಆಮೇಲೆ ಚಿಟ್ಟೆಗೆ ನೀರಿಗೆ ಹಾರುವ ಕಟ್ಟೆ ಸಾಕಾಗುತ್ತದೋ ಇಲ್ಲವೋ ಎಂದು ಕಟ್ಟೆಯನ್ನೂ ನೋಡಿದ. ಗೋಡೆಯ ತುದಿಯಲ್ಲಿ ಚಿಟ್ಟೆಯ ಸಾಲಿಗೆ ಒಬ್ಬ ತೀರ್ಪುಗಾರ ಇದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ದಪ್ಪ ಗಾಜಿನ ಕನ್ನಡಕ. ತಪ್ಪು ಕಂಡರೆ ಅವನು ಕೈ ಎತ್ತುತ್ತಾನೆ, ಅಲ್ಲಿಗೆ ಮುಗಿಯಿತು. ಚಿಟ್ಟೆಗೆ ಇಷ್ಟರ ನಡುವೆಯೂ ಆ ಪ್ಯಾಂಟಿನ ಗೆರೆ ಕಣ್ಣಿಗೆ ಬಿತ್ತು. ಗೆರೆ ಎರಡಿತ್ತು. ಯಾರೋ ಅವಸರದಲ್ಲಿ ಹಾಕಿದ ಇಸ್ತ್ರಿ.

ಹಾರಿದರು.

ಮೊದಲ ಐವತ್ತು ಮೀಟರಿನಲ್ಲಿ ನೀರು ಅವನನ್ನು ಹೊತ್ತುಕೊಂಡು ಹೋಯಿತು. ಗೋಡೆ ಬಂತು, ಎರಡು ಕೈ ತಾಗಿದವು, ತಿರುಗಿದ. ಎರಡನೆಯ ಐವತ್ತರಲ್ಲಿ ನೀರು ಅವನ ಜೊತೆಗೆ ನಡೆಯಿತು. ಗೋಡೆ ಬಂತು, ಎರಡು ಕೈ ತಾಗಿದವು. ಮುಂದಿನ ಮೂವರು ಆಗಲೇ ದೂರ ಹೋಗಿದ್ದರು. ಸೋಪಿನವನು ಮಾತ್ರ ಪಕ್ಕದಲ್ಲೇ ಇದ್ದ.

ಮೂರನೆಯ ಐವತ್ತರಲ್ಲಿ ನೀರು ಅವನ ಮೇಲೆ ಹತ್ತಿ ಕೂತಿತು. ಭುಜದೊಳಗೆ ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಕೈ ಎತ್ತಿದರೆ ನೀರೂ ಜೊತೆಗೆ ಎದ್ದು ಬರುತ್ತಿತ್ತು. ಬಲಗೈ ತನ್ನ ಹಳೆಯ ಮಾತನ್ನು ಶುರುಮಾಡಿತು: ನನ್ನನ್ನು ಬಿಡು, ನಾನು ಮುಂದೆ ಹೋಗುತ್ತೇನೆ, ಅವನು ಆಮೇಲೆ ಬರಲಿ. ಚಿಟ್ಟೆ ಹಲ್ಲು ಕಚ್ಚಿದ. ತಲೆ ನೀರಿನೊಳಗೆ ಇಳಿದಾಗ ಅವನ ಕಣ್ಣೆದುರಿಗೆ ಗೋಡೆಯಿರಲಿಲ್ಲ. ಬಿಳಿ ದುಪ್ಪಟಿಯೊಂದು ಬಿಗಿಯಾಗಿತ್ತು, ಅದರ ಆಚೆ ತುದಿಯಲ್ಲಿ ಹೆಂಡತಿ ಎರಡು ಮೂಲೆ ಹಿಡಿದು ಹುಬ್ಬು ಗಂಟಿಕ್ಕಿ ನಿಂತಿದ್ದಳು. ಮೂಲೆಗೆ ಮೂಲೆ, ಎಂದುಕೊಂಡ. ಎರಡು ಕೈ ಅವಳತ್ತ ಹೋದವು, ತಾಗಿದವು. ಏಟು ಬೀಳಲಿಲ್ಲ. ತಿರುಗಿದ.

ಉಳಿದದ್ದು ಒಂದೇ ಗೋಡೆ. ಚಿಟ್ಟೆಗೆ ಈಗ ಕೈಯಿವೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಆದರೂ ಬೀಸಿದ, ಮತ್ತೆ ಬೀಸಿದ. ಪಕ್ಕದ ಸೋಪಿನವನೂ ಸುಸ್ತಾಗಿದ್ದ. ಚಿಟ್ಟೆ ಅವನನ್ನು ಹಿಡಿದ, ಒಂದು ಮೊಣಕೈಯಷ್ಟು ಮುಂದೆಯೂ ಹೋದ. ಐದನೆಯವನಲ್ಲ, ನಾಲ್ಕನೆಯವನು! ಅಷ್ಟರಲ್ಲಿ ಗೋಡೆ ಬಂತು. ಬಂದದ್ದು ತಪ್ಪು ಹೊತ್ತಿಗೆ. ಅವನ ಎರಡು ಕೈಗಳೂ ಆಗಷ್ಟೇ ನೀರೊಳಗೆ ಹಿಂದಕ್ಕೆ ಹೋಗಿದ್ದವು, ಗೋಡೆ ಇನ್ನೂ ಒಂದು ಮಾರು ದೂರ ಇತ್ತು. ಬಲಗೈಯನ್ನು ಹೇಗಾದರೂ ಮುಂದೆ ಚಾಚಿ ತುದಿಬೆರಳು ತಾಗಿಸಿಬಿಟ್ಟರೆ ಸೋಪಿನವನಿಗಿಂತ ಮೊದಲು. ಬಲಗೈ ಆಗಲೇ ಚಾಚಲು ಹೊರಟಿತ್ತು.

"ನಿಲ್ಲೋ" ಎಂದ ಚಿಟ್ಟೆ, ನೀರೊಳಗೆ, ಬಾಯಿ ಬಿಟ್ಟು. ಒಂದು ಗುಟುಕು ನೀರೂ ಕುಡಿದ.

ನಿಲ್ಲಿಸಿದ. ಸತ್ತ ಎಡಗೈಯನ್ನು ಎಬ್ಬಿಸಿದ, ಎರಡನ್ನೂ ಒಟ್ಟಿಗೆ ಮೇಲೆತ್ತಿದ, ಒಂದು ಪೂರ್ತಿ ಬೀಸು ಬೀಸಿದ. ಆ ಒಂದು ಬೀಸಿನಲ್ಲಿ ಸೋಪಿನವನು ಮುಂದೆ ಹೋಗಿ ಗೋಡೆ ಮುಟ್ಟಿದ. ಚಿಟ್ಟೆಯ ಹತ್ತು ಬೆರಳೂ ಗೋಡೆಗೆ ಒಟ್ಟಿಗೆ ತಾಗಿದವು. ಐದರಲ್ಲಿ ಐದನೆಯವನು.

ತಲೆ ಎತ್ತಿ ನೋಡಿದ. ದಪ್ಪ ಕನ್ನಡಕದ ತೀರ್ಪುಗಾರ ಅವನ ಮೇಲೆಯೇ ಬಗ್ಗಿ ನಿಂತಿದ್ದ. ಅವನ ಬಲಗೈ ನಿಧಾನಕ್ಕೆ ಮೇಲೆದ್ದಿತು.

ಚಿಟ್ಟೆಯ ಜೀವ ಬಾಯಿಗೆ ಬಂತು. ಲಾಂಡ್ರಿಯಲ್ಲಿ ಟೀವಿಯ ಮುಂದೆ ಕೂತಿದ್ದ ಇಡೀ ಬೀದಿಯ ಜೀವವೂ ಅದೇ ಹೊತ್ತಿಗೆ ಬಾಯಿಗೆ ಬಂತು. ಚಪ್ಪಲಿ ಅಂಗಡಿಯವನು ಎದ್ದೇ ನಿಂತುಬಿಟ್ಟ. "ಇಲ್ಲ, ಎರಡೂ ಒಟ್ಟಿಗೇ ಬಂತು! ನಾನು ನೋಡ್ದೆ, ಒಟ್ಟಿಗೇ ಬಂತು!" ಎಂದು ಹೆಂಡತಿ ಟೀವಿಗೆ ಕೂಗಿದಳು, ಟೀವಿಯೇ ತೀರ್ಪು ಕೊಡುತ್ತದೇನೋ ಎಂಬ ಹಾಗೆ.

ತೀರ್ಪುಗಾರನ ಕೈ ಮೇಲೆ ಹೋಗಿ, ಕನ್ನಡಕವನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಇಟ್ಟಿತು. ಚಿಟ್ಟೆ ಹೊಡೆದ ನೀರು ಅದರ ಮೇಲೆ ಬಿದ್ದಿತ್ತು, ಪಾಪ.

ಚಿಟ್ಟೆ ಗೋಡೆ ಬಿಡಲಿಲ್ಲ. ಉಳಿದ ನಾಲ್ವರು ಹತ್ತಿ ಹೋದರು. ಬೋರ್ಡಿನಲ್ಲಿ ಹೆಸರುಗಳು ಬಂದವು. ಮೊದಲನೆಯದು, ಎರಡನೆಯದು, ಮೂರನೆಯದು, ಸೋಪಿನವನದು. ಕೊನೆಗೆ ಅವನ ಹೆಸರು. ಅದರ ಮುಂದೆ ಅಂಕಿ. ಅಕ್ಷರ ಅಲ್ಲ, ಅಂಕಿ. ಎರಡು ನಿಮಿಷದ ಮೇಲೆ ಇಷ್ಟು ಸೆಕೆಂಡು. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಈ ಅಂಕಿ ಇದ್ದಕ್ಕಿದ್ದ ಹಾಗೆ ಅಕ್ಷರವಾದರೆ? ಮೇಲೆ ನಿಂತ ತೀರ್ಪುಗಾರನತ್ತ ನೋಡಿ, ಎರಡೂ ಅಂಗೈ ತೋರಿಸಿ, ಬೀಸುವವನ ಹಾಗೆ ಸಣ್ಣಗೆ ಆಡಿಸಿ, ಹುಬ್ಬು ಮೇಲೆತ್ತಿದ. ಬೀಸಲಾ, ಎಂದು ಕೇಳಿದ್ದು. ಮಾವ ಹೇಳಿದ್ದರಲ್ಲ.

ತೀರ್ಪುಗಾರನಿಗೆ ಏನು ಅರ್ಥವಾಯಿತೋ, ಗಂಭೀರವಾಗಿ ತಲೆಯಾಡಿಸಿದ.

ಚಿಟ್ಟೆ ಬೀಸಿದ. ಎರಡು ಕೈಯನ್ನೂ ಒಟ್ಟಿಗೆ ನೀರಿನಿಂದ ಎತ್ತಿ, ಭುಜ ಉರಿಯುತ್ತಿದ್ದರೂ, ಚಾವಣಿಯ ತನಕ. ಲಾಂಡ್ರಿಯಲ್ಲಿ ಚಪ್ಪಲಿ ಅಂಗಡಿಯವನು ಬೀಸಿದ, ಹಾಲಿನವನು ಬೀಸಿದ, ಬ್ಯಾಂಡಿನವನು ಬೀಸಿದ. ಕೋಟುಗಳೂ ಹ್ಯಾಂಗರಿನಲ್ಲಿ ತೋಳು ಆಡಿಸಿದವು ಎಂದು ಮಾವ ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ಮೇಲಿನ ಕುರ್ಚಿಯಲ್ಲಿ ಮೇಷ್ಟ್ರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹಾಕಲು ನೋಡಿದರು. ಇಷ್ಟು ವರ್ಷ ಲೋಹದ ಸೀಟಿ ಊದಿದ ಬಾಯಿಗೆ ಅದು ಒಲಿಯಲಿಲ್ಲ, ಬರೀ ಗಾಳಿ ಬಂತು.

ಊರಿಗೆ ಮರಳಿದ ದಿನ ಕಾರ್ಯದರ್ಶಿಯವರು ಅಂಗಡಿಗೆ ಬಂದು ಕೈ ಕುಲುಕಿದರು. ಮುಂದಿನ ಕೂಟಕ್ಕೂ ಬಟರ್‌ಫ್ಲೈಗೆ ಜನ ಹೋಗುತ್ತಾರೆ, ಕೊಳದಲ್ಲಿ ಇಬ್ಬರು ಹುಡುಗಿಯರು ಆಗಲೇ ಕಲಿಯಲು ಶುರುಮಾಡಿದ್ದಾರೆ ಎಂದರು. ಚಿಟ್ಟೆ ಕೋಟು ಇಸಿದುಕೊಂಡು, ಗುರುವಾರ ಕೊಡ್ತೀನಿ ಸಾರ್, ಎಂದ.

ಅವರು ಆಚೆ ಹೋದ ಮೇಲೆ ಹೆಂಡತಿ ನಡುಕೋಣೆಯಿಂದ ಕೂಗಿದಳು. "ರೀ, ಕೊನೇ ಗೋಡೇಲಿ ಬಲಗೈ ಸ್ವಲ್ಪ ಹೊರಡೋಕೆ ನೋಡ್ತಲ್ವಾ? ನಾನು ನೋಡ್ದೆ."

"ಹೊರಡೋಕೆ ನೋಡ್ತು. ಹೋಗ್ಲಿಲ್ಲ."

"ಹೊರಡೋಕೆ ನೋಡಿದ್ದಕ್ಕೆ ಒಂದು ಬಾಕಿ ಇದೆ. ಬನ್ನಿ ಇಲ್ಲಿ."

ಅವನು ಒಳಗೆ ಹೋಗಿ ಬಲಗೈ ಚಾಚಿದ. ಅವಳು ಫಟ್ಟೆಂದು ಒಂದು ಕೊಟ್ಟಳು. ಆಮೇಲೆ ದುಪ್ಪಟಿಯ ಎರಡು ಮೂಲೆಯನ್ನು ಅವನ ಕೈಗೆ ಕೊಟ್ಟು, ಉಳಿದೆರಡನ್ನು ತಾನು ಹಿಡಿದು ಹಿಂದಕ್ಕೆ ನಡೆದಳು, ಬಟ್ಟೆ ಬಿಗಿಯಾಗುವ ತನಕ.